ಎಸ್ತೇರಳ ಸುರುಳಿ: ಅಕ್ಷರದ ನಿಯಮ, ಅಂಚಿನ ಚಿತ್ರ



 ನಾನು ಆರಿಸಿಕೊಂಡಿರುವ ವಿಷಯ ನಮ್ಮ ನಾಡಿನದಲ್ಲ. ಯೆಹೂದ್ಯರು ತಮ್ಮ ಪುರಿಮ್ ಹಬ್ಬದ ದಿನ ಪಠಿಸುವ ಎಸ್ತೇರಳ ಸುರುಳಿಯನ್ನು ಬಣ್ಣಗಳಿಂದಲೂ ರೇಖೆಗಳಿಂದಲೂ ಸಿಂಗರಿಸುವ ಕಲೆ ಅದು. ಇಟಲಿಯಲ್ಲಿ 16ನೆಯ ಶತಮಾನದಲ್ಲಿ ಕಣ್ತೆರೆದು, ಹಾಲೆಂಡ್ ಜರ್ಮನಿ ಮೊದಲಾದ ದೇಶಗಳಿಗೆ ಹಬ್ಬಿ, ಇನ್ನೂರು ವರ್ಷಗಳ ಕಾಲ ಉತ್ಕರ್ಷದಲ್ಲಿದ್ದ ಕಲೆ. ಧರ್ಮಶಾಸ್ತ್ರದ ಕಟ್ಟಳೆಗಳು ಕಲೆಯ ಉಸಿರನ್ನು ಕಟ್ಟಿಹಾಕುತ್ತವೆಂಬುದು ಬಹುಮಂದಿ ವಿಚಾರಮಾಡದೆಯೇ ಒಪ್ಪಿಕೊಂಡಿರುವ ಮಾತು. ಈ ಸುರುಳಿಗಳ ವಿಷಯದಲ್ಲಿ ನಡೆದುದು ಅದಕ್ಕೆ ವಿಪರೀತವೆಂದು ನನ್ನ ದೃಢವಾದ ಅಭಿಪ್ರಾಯ. ಇಲ್ಲಿ ಕಲೆ ನಿಯಮವನ್ನು ಮುರಿದು ಬರಲಿಲ್ಲ. ನಿಯಮವು ತನ್ನ ಅಕ್ಷರಗಳ ಸುತ್ತ ಬಿಟ್ಟುಕೊಟ್ಟ ಅಂಚಿನಲ್ಲಿ ನೆಲೆಸಿ, ಅಲ್ಲಿಯೇ ತನ್ನ ಸಾಮ್ರಾಜ್ಯವನ್ನು ಕಟ್ಟಿಕೊಂಡಿತು.

ಆ ನಿಯಮವೆಂತಹುದೆಂಬುದನ್ನು ತಿಳಿಯಬೇಕಾದರೆ ಯೆಹೂದ್ಯರ ಪರಮಪವಿತ್ರ ಗ್ರಂಥವಾದ ತೋರಾದ ಸುರುಳಿಯಿಂದಲೇ ಆರಂಭಿಸಬೇಕು. ಮೋಶೆಯ ಐದು ಗ್ರಂಥಗಳನ್ನು ಒಳಗೊಂಡ ಈ ಸುರುಳಿಯಲ್ಲಿ 3,04,805 ಅಕ್ಷರಗಳಿವೆಯೆಂಬುದು ಸಂಪ್ರದಾಯದ ಗಣನೆ. ಅವುಗಳಲ್ಲಿ ಒಂದು ಲುಪ್ತವಾದರೂ, ಒಂದು ಇನ್ನೊಂದಕ್ಕೆ ತಗುಲಿಕೊಂಡರೂ, ತಿದ್ದುವವರೆಗೆ ಆ ಸುರುಳಿ ಸಭಾಪಠನಕ್ಕೆ ಅನರ್ಹ. ಲಿಪಿಕಾರನು ಎಷ್ಟೇ ಬಹುಶ್ರುತನಾಗಿರಲಿ, ನೆನಪಿನಿಂದ ಬರೆಯುವಂತಿಲ್ಲ; ಮೂಲಪ್ರತಿಯನ್ನು ಮುಂದಿಟ್ಟುಕೊಂಡು, ಪದಪದವನ್ನೂ ಬಾಯಲ್ಲಿ ಉಚ್ಚರಿಸಿ ಅನಂತರ ಬರೆಯಬೇಕು. ಭಗವನ್ನಾಮವನ್ನು ಒಮ್ಮೆ ಬರೆದ ಮೇಲೆ ಅಳಿಸುವ ಅಧಿಕಾರ ಯಾರಿಗೂ ಇಲ್ಲ. ಇಂತಹ ಗ್ರಂಥದಲ್ಲಿ ಚಿತ್ರಕ್ಕೆಲ್ಲಿಯ ಎಡೆ? ಸ್ವರಚಿಹ್ನೆಗಳಿಗೂ ಅಲ್ಲಿ ಪ್ರವೇಶವಿಲ್ಲ. ಏಳು ಅಕ್ಷರಗಳ ಶಿರಸ್ಸಿನ ಮೇಲೆ ಮುಮ್ಮೂರು ಸೂಕ್ಷ್ಮರೇಖೆಗಳ ಕಿರೀಟಗಳನ್ನಿಡುವ ಪ್ರಾಚೀನ ಪದ್ಧತಿಯೊಂದನ್ನು ಬಿಟ್ಟರೆ ತೋರಾದ ಸುರುಳಿ ಸರ್ವಥಾ ನಿರಲಂಕೃತವಾದುದು. ಅದಕ್ಕೆ ಸಲ್ಲಬೇಕಾದ ಶೃಂಗಾರವೆಲ್ಲ ಹೊರಗಿನ ಕವಚಕ್ಕೂ ರೇಷ್ಮೆಯ ಹೊದಿಕೆಗೂ ಬೆಳ್ಳಿಯ ಕಿರೀಟಕ್ಕೂ ಸಲ್ಲುತ್ತದೆ.

ಎಸ್ತೇರಳ ಸುರುಳಿಯ ಸ್ಥಾನವೇ ಬೇರೆ. ಇದೂ ಚರ್ಮಪತ್ರದ ಮೇಲೆ, ಮಸಿಯಲ್ಲಿ, ಕೈಯಿಂದಲೇ ಬರೆಯಲ್ಪಡಬೇಕು. ಇದಕ್ಕೂ ಪಂಕ್ತಿಪಂಕ್ತಿಗೆ ಗೆರೆ ಕೊರೆದಿರಬೇಕು. ಆದರೆ ಯೆಹೂದ್ಯರ ಪ್ರಾಚೀನ ಧರ್ಮಶಾಸ್ತ್ರಚರ್ಚೆಗಳ ಸಂಗ್ರಹವಾದ ತಾಲ್ಮುಡಿನ ಆಚಾರ್ಯರು ಇದನ್ನು ವಿಚಾರಿಸುವಾಗ ಒಂದು ರಸವತ್ತಾದ ಸಮನ್ವಯವನ್ನು ಮಾಡಿದ್ದಾರೆ. ಈ ಕೃತಿಯು ತನ್ನನ್ನು ಒಂದು ಕಡೆ ಗ್ರಂಥವೆಂದೂ ಇನ್ನೊಂದು ಕಡೆ ಪತ್ರವೆಂದೂ ಕರೆದುಕೊಂಡಿರುವುದರಿಂದ, ಹಾಳೆಗಳನ್ನು ನಾರಿನ ದಾರದಿಂದ ಹೊಲಿದರೆ ಗ್ರಂಥದ ನ್ಯಾಯದಂತೆ ಅದು ಅನರ್ಹ. ಆದರೆ ಪ್ರಾಣಿಯ ಸ್ನಾಯುತಂತುವಿನಿಂದ ಮೂರೇ ಹೊಲಿಗೆಗಳನ್ನು ಹಾಕಿದ್ದರೂ ಪತ್ರದ ನ್ಯಾಯದಂತೆ ಅದು ಗ್ರಾಹ್ಯ. ಗ್ರಂಥದ ಗಾಂಭೀರ್ಯವೂ ಪತ್ರದ ಸಲಿಗೆಯೂ ಕೂಡಿದ ಈ ಮಧ್ಯಮಪದವಿಯೇ ಚಿತ್ರಕಾರನಿಗೆ ದೊರೆತ ಮೊದಲ ಅವಕಾಶ. ಎರಡನೆಯದು ಇನ್ನೂ ಆಶ್ಚರ್ಯಕರವಾದುದು: ಈ ಹತ್ತು ಅಧ್ಯಾಯಗಳಲ್ಲಿ, 167 ವಚನಗಳಲ್ಲಿ, ದೇವರ ಹೆಸರು ಒಂದು ಸಲವೂ ಬರುವುದಿಲ್ಲ. ಅಳಿಸಲಾಗದ ನಾಮವು ಇಲ್ಲದೆಡೆಯಲ್ಲಿ ಕುಂಚವನ್ನು ಹಿಡಿದವನ ಕೈ ಅಷ್ಟಾಗಿ ನಡುಗಬೇಕಾಗಿಲ್ಲ. ಇವುಗಳ ಜೊತೆಗೆ, ತೋರಾದ ಸುರುಳಿ ದೇವಾಲಯದ ಪೆಟ್ಟಿಗೆಯಲ್ಲಿ ಸಮಾಜದ ಸೊತ್ತಾಗಿದ್ದರೆ, ಎಸ್ತೇರಳ ಸುರುಳಿಯನ್ನು ಶಕ್ತರಾದ ಗೃಹಸ್ಥರು ತಮ್ಮ ಮನೆಯಲ್ಲಿಟ್ಟುಕೊಂಡು, ಹಬ್ಬದ ಸಂಜೆಯಲ್ಲಿಯೂ ಮಾರನೆಯ ಬೆಳಗ್ಗೆಯೂ ಸಭೆಯ ಪಠನವನ್ನು ಅನುಸರಿಸುತ್ತಿದ್ದರೆಂಬುದನ್ನು ನೆನೆಯಬೇಕು. ಸಭಾಪಠನಕ್ಕೆ ನಿರಲಂಕೃತವಾದ ಸುರುಳಿ, ಮನೆಯ ಸಂತೋಷಕ್ಕೆ ಚಿತ್ರಿತವಾದ ಸುರುಳಿ: ಈ ವಿಭಾಗವು ಸಾಮಾನ್ಯವಾಗಿ ನಡೆದುಬಂದಿತು.

ಕಥೆಯನ್ನು ಬಲ್ಲವರು ಮನ್ನಿಸಬೇಕು. ಅರಿಯದವರಿಗಾಗಿ ಸಂಕ್ಷೇಪವಾಗಿ ಹೇಳುತ್ತೇನೆ. ಪಾರಸಿಕ ಚಕ್ರವರ್ತಿಯಾದ ಅಹಷ್ವೇರೋಷನು ಹಿಂದೂದೇಶದಿಂದ ಕೂಷ್ ದೇಶದವರೆಗಿನ 127 ಸಂಸ್ಥಾನಗಳನ್ನು ಆಳುತ್ತಿದ್ದನೆಂದು ಮೊದಲ ವಚನವೇ ಸಾರುತ್ತದೆ. ಭರತಖಂಡದ ಹೆಸರನ್ನು ಯೆಹೂದ್ಯರು ಪ್ರತಿವರ್ಷವೂ ಈ ಪಠನದ ಆರಂಭದಲ್ಲಿಯೇ ಕೇಳುತ್ತಾರೆ. ರಾಜನು ಔತಣದ ಮತ್ತಿನಲ್ಲಿ ಕರೆಸಿದಾಗ ಬರಲೊಲ್ಲದ ವಷ್ಟಿರಾಣಿ ಪದಚ್ಯುತಳಾಗುತ್ತಾಳೆ. ಅನಾಥಳಾಗಿ ಬಂಧುವಾದ ಮೊರ್ದೆಕೈಯ ಪೋಷಣೆಯಲ್ಲಿ ಬೆಳೆದ ಎಸ್ತೇರಳು ತನ್ನ ಕುಲವನ್ನು ತಿಳಿಸದೆ ಪಟ್ಟವನ್ನೇರುತ್ತಾಳೆ. ಮಂತ್ರಿಯಾದ ಹಾಮಾನನು ಮೊರ್ದೆಕೈ ತನಗೆ ತಲೆಬಾಗಲಿಲ್ಲವೆಂಬ ದ್ವೇಷಕ್ಕೆ ಅವನ ಜನಾಂಗವನ್ನೇ ನಿರ್ಮೂಲಮಾಡಲು ಚೀಟುಹಾಕಿ ಅದಾರ್ ಮಾಸದ 13ನೆಯ ದಿನವನ್ನು ಗೊತ್ತುಮಾಡುತ್ತಾನೆ. ರಾಣಿಯು ಪ್ರಾಣವನ್ನೊತ್ತೆಯಿಟ್ಟು ರಾಜಸನ್ನಿಧಿಗೆ ಹೋಗಿ, ತನ್ನ ಕುಲವನ್ನು ಪ್ರಕಟಿಸಿ, ಜನರನ್ನು ಉಳಿಸುತ್ತಾಳೆ. ಮೊರ್ದೆಕೈಗೆಂದು ನಿಲ್ಲಿಸಿದ ಐವತ್ತು ಮೊಳದ ಗಲ್ಲುಗಂಬಕ್ಕೆ ಹಾಮಾನನೇ ಏರುತ್ತಾನೆ. ಈ ಕಥೆಯ ನಡೆಯೆಲ್ಲ ಪತ್ರಗಳ ಮೂಲಕವೇ ಸಾಗುತ್ತದೆಂಬುದನ್ನು ಗಮನಿಸಬೇಕು. ಆಯಾ ಸಂಸ್ಥಾನದ ಲಿಪಿಯಲ್ಲಿ ಬರೆಯಿಸಿದ ಶಾಸನಗಳು, ರಾಜಮುದ್ರೆ, ಕುದುರೆಯೇರಿ ಧಾವಿಸುವ ಅಂಚೆಯಾಳುಗಳು, ಕೊನೆಗೆ ಎಸ್ತೇರಳೂ ಮೊರ್ದೆಕೈಯೂ ಬರೆದ ಆಜ್ಞಾಪತ್ರಗಳು. ಲಿಪಿಕಾರನಿಗೆ ಇದಕ್ಕಿಂತ ಆತ್ಮೀಯವಾದ ಕಥೆ ಬೇರೊಂದಿರಲಾರದು. ಚಿತ್ರಕಾರನಿಗೋ, ಮೊದಲನೆಯ ಅಧ್ಯಾಯದಲ್ಲಿಯೇ ಅರಮನೆಯ ಉದ್ಯಾನದ ನೀಲಿ ಬಿಳಿ ತೆರೆಗಳು, ಬೆಳ್ಳಿಯ ಬಳೆಗಳು, ಅಮೃತಶಿಲೆಯ ಕಂಬಗಳು, ಚಿನ್ನಬೆಳ್ಳಿಯ ಪೀಠಗಳು ಪಟ್ಟಿಮಾಡಿದಂತೆ ವರ್ಣಿತವಾಗಿ ಆಹ್ವಾನವನ್ನು ನೀಡುತ್ತವೆ.

ಈ ಕಥೆಯನ್ನು ಚಿತ್ರಿಸುವ ಅಭಿಲಾಷೆ ಬಹು ಪುರಾತನವಾದುದು. ಸಿರಿಯಾದ ದೂರಾ ಯುರೋಪೋಸಿನಲ್ಲಿ ಕ್ರಿಸ್ತಶಕ 245ರ ಸುಮಾರಿಗೆ ಚಿತ್ರಿತವಾಗಿ, 1932ರಲ್ಲಿ ಮಣ್ಣಿನಡಿಯಿಂದ ಹೊರಬಂದ ಯೆಹೂದ್ಯ ಪ್ರಾರ್ಥನಾಮಂದಿರದ ಗೋಡೆಯ ಮೇಲೆ ಸಿಂಹಾಸನಾರೂಢರಾದ ಅಹಷ್ವೇರೋಷ ಎಸ್ತೇರರೂ ಬಿಳಿಯ ಕುದುರೆಯನ್ನೇರಿದ ಮೊರ್ದೆಕೈಯೂ ಇದ್ದಾರೆ. ಆದರೆ ಗೋಡೆಯಿಂದ ಸುರುಳಿಗೆ ಚಿತ್ರ ಇಳಿದುಬರಲು ಸಾವಿರದ ಮುನ್ನೂರು ವರ್ಷಗಳು ಬೇಕಾದುವು.

ಕೈಕೆಲಸದ ವಿಚಾರವನ್ನು ಈಗ ಸ್ವಲ್ಪ ವಿಸ್ತರಿಸುತ್ತೇನೆ. ಉಪಕರಣವನ್ನು ಅರಿಯದೆ ಕಲೆಯನ್ನು ಹೊಗಳುವುದು ನಿರರ್ಥಕ. ಆಹಾರವಿಧಿಯಂತೆ ಶುದ್ಧವಾದ ಪ್ರಾಣಿಯ ಚರ್ಮವನ್ನು, ಮೇಕೆ ಕುರಿ ಕರುಗಳಲ್ಲೊಂದರದನ್ನು, ಸುಣ್ಣದ ನೀರಿನಲ್ಲಿ ನೆನೆಹಾಕಿ, ರೋಮವನ್ನು ತೆಗೆದು, ಚೌಕಟ್ಟಿಗೆ ಬಿಗಿದು, ಕತ್ತಿಯಿಂದ ಹೆರೆದು ನಯಮಾಡಿ ಒಣಗಿಸುತ್ತಾರೆ. ಮಸಿಗೆ ಮಾಚಿಕಾಯಿ, ಅನ್ನಭೇದಿ, ಗೋಂದು: ಈ ಮೂರನ್ನೂ ಹದವರಿತು ಬೆರೆಸಿದರೆ ಬರೆದಾಗ ನಸುಬಣ್ಣವಾಗಿದ್ದು ಗಾಳಿಗೆ ಕಪ್ಪೇರುವ ದ್ರವವಾಗುತ್ತದೆ. ಉತ್ತರ ಯುರೋಪಿನ ಲಿಪಿಕಾರರದು ಪಕ್ಷಿಯ ಗರಿ. ಸ್ಪೇನಿನ ಸಂಪ್ರದಾಯದವರಿಗೂ ಪ್ರಾಚ್ಯದೇಶದವರಿಗೂ ಲಾಳದಕಡ್ಡಿಯ ಲೇಖನಿ. ಮಸಿಯಿಲ್ಲದ ಮೊಂಡು ಮೊನೆಯಿಂದ ಚರ್ಮವನ್ನು ಒತ್ತಿ ಗೆರೆಯೆಳೆದರೆ, ಅಕ್ಷರಗಳು ಆ ಗೆರೆಯ ಮೇಲೆ ಕೂರದೆ, ದೇವನಾಗರಿಯ ಅಕ್ಷರಗಳು ತಲೆಗಟ್ಟಿನಿಂದ ಇಳಿಯುವಂತೆ, ಅದರಿಂದ ಕೆಳಕ್ಕೆ ತೂಗುತ್ತವೆ. ಹೊಸ ಲೇಖನಿಯ ಮೊನೆಯನ್ನು ಪರೀಕ್ಷಿಸುವಾಗ ಲಿಪಿಕಾರನು ಬೇರೊಂದು ತುಣುಕಿನ ಮೇಲೆ ಅಮಾಲೇಕನ ಹೆಸರನ್ನು ಬರೆದು ಅದನ್ನು ಗೀಟುಹಾಕಿ ಅಳಿಸುವ ಪದ್ಧತಿಯುಂಟು. ಅಮಾಲೇಕನು ಹಾಮಾನನ ವಂಶದ ಮೂಲಪುರುಷನೆಂದು ಸಂಪ್ರದಾಯ. ಆದುದರಿಂದ ಎಸ್ತೇರಳ ಕಥೆಯನ್ನು ಬರೆಯಲು ಕುಳಿತವನ ಲೇಖನಿಯು ಮೊದಲ ಪದಕ್ಕೆ ಮುಂಚೆಯೇ ಕಥೆಯೊಳಗೆ ಪ್ರವೇಶಿಸಿರುತ್ತದೆ.

ಕಾಲನಿರ್ದೇಶವಿರುವ ಅಲಂಕೃತ ಸುರುಳಿಗಳಲ್ಲಿ ನಮಗೆ ತಿಳಿದಮಟ್ಟಿಗೆ ಅತ್ಯಂತ ಪ್ರಾಚೀನವಾದುದು 1564ರಲ್ಲಿ ವೆನಿಸಿನಲ್ಲಿ ಬರೆದುದು. ಈಗ ಅದು ಜ್ಯೂರಿಕ್ ನಗರದ ಬ್ರಾಗಿನ್‌ಸ್ಕಿ ಸಂಗ್ರಹದಲ್ಲಿದೆ. ಅದನ್ನು ಬರೆದವಳು ಒಬ್ಬ ಸ್ತ್ರೀ. ಸ್ಟೆಲ್ಲಿನ ಎಂಬ ಹೆಸರಿನ, ಮೆನಾಹೆಮನ ಮಗಳಾದ ಆಕೆ ಸುರುಳಿಯಲ್ಲಿ ತನ್ನ ಹೆಸರನ್ನು ಬರೆದಿಟ್ಟಿದ್ದಾಳೆ. ತೋರಾದ ಸುರುಳಿಯನ್ನು ಸ್ತ್ರೀಯರು ಬರೆಯುವಂತಿರಲಿಲ್ಲ. ಆದರೆ ಎಸ್ತೇರಳ ಕಥೆಯನ್ನು ಕೇಳುವ ವಿಧಿ ಸ್ತ್ರೀಯರಿಗೂ ಸಲ್ಲುತ್ತದೆ, ಆ ವಿಮೋಚನೆಯಲ್ಲಿ ಅವರೂ ಭಾಗಿಗಳು, ಎಂದು ತಾಲ್ಮುಡಿನಲ್ಲಿಯೇ ಹೇಳಿದೆ. ಅವರು ಬರೆಯಬಹುದೇ ಎಂಬ ಪ್ರಶ್ನೆಯಲ್ಲಿ ಪಂಡಿತರಿಗೆ ಮತಭೇದವಿದ್ದಿತು, ಇಂದಿಗೂ ಇದೆ. ಆ ಮತಭೇದದ ಸಂಧಿಯಲ್ಲಿ ಈ ಹೆಣ್ಣುಮಗಳು ತನ್ನ ಲೇಖನಿಯನ್ನು ನಡೆಸಿದಳು. ರಾಣಿಯೊಬ್ಬಳ ಧೈರ್ಯದ ಕಥೆಯನ್ನು ಹೊತ್ತ ಈ ಪ್ರಕಾರದ ಇತಿಹಾಸವು ನಮಗೆ ಗೊತ್ತಿರುವಂತೆ ಸ್ತ್ರೀಹಸ್ತದಿಂದ ಮೊದಲಾಗುವುದನ್ನು ನಾನು ಬರಿಯ ಆಕಸ್ಮಿಕವೆಂದು ದಾಟಿಹೋಗಲಾರೆ.

ಆ ವರ್ಷಗಳ ವೆನಿಸನ್ನು ಮನಸ್ಸಿಗೆ ತಂದುಕೊಳ್ಳಿರಿ. 1516ರಿಂದ ಅಲ್ಲಿಯ ಯೆಹೂದ್ಯರು ಗೆತ್ತೋ ಎಂಬ ಕೇರಿಯೊಳಗೆ ವಾಸಿಸಬೇಕಾಗಿದ್ದಿತು. ರಾತ್ರಿಯಾದೊಡನೆ ಅದರ ಬಾಗಿಲುಗಳನ್ನು ಹೊರಗಿನಿಂದ ಕಾವಲುಗಾರರು ಮುಚ್ಚುತ್ತಿದ್ದರು. 1553ರಲ್ಲಿ ತಾಲ್ಮುಡಿನ ಪ್ರತಿಗಳನ್ನು ಸಂತ ಮಾರ್ಕನ ಚೌಕದಲ್ಲಿ ರಾಶಿಹಾಕಿ ಸುಟ್ಟರು. ಹೀಬ್ರೂ ಮುದ್ರಣಕ್ಕೆ ಯುರೋಪಿನಲ್ಲೆಲ್ಲ ಪ್ರಸಿದ್ಧವಾಗಿದ್ದ ನಗರದಲ್ಲಿ ನಡೆದ ಸಂಗತಿ ಇದು. ಕೇರಿಯ ಪ್ರಾರ್ಥನಾಮಂದಿರಗಳನ್ನು ಇಕ್ಕಟ್ಟಾದ ಮನೆಗಳ ಮೇಲಂತಸ್ತುಗಳಲ್ಲಿ ಕಟ್ಟಿದ್ದರು. ಹೊರಗಿನಿಂದ ನೋಡಿದವರಿಗೆ ಸಾಲು ಕಿಟಕಿಗಳ ಹೊರತು ಗುರುತು ಹತ್ತುತ್ತಿರಲಿಲ್ಲ. ಹಾಗಿರುವಾಗ ಇಟಲಿಯ ಸುರುಳಿಗಳಲ್ಲಿ ಪ್ರತಿಯೊಂದು ಪಠ್ಯಸ್ತಂಭವನ್ನೂ ಕಮಾನುಗಳಿಂದ, ಕಂಬಸಾಲುಗಳಿಂದ, ಕೆತ್ತನೆಯ ಮುಖಮಂಟಪಗಳಿಂದ ಆವರಿಸುವ ಪರಿಪಾಟಿ ಬೆಳೆದುದೇಕೆ? ಗ್ರಂಥಗಳ ಮುಖಪುಟಕ್ಕೆ ಕಮಾನಿನ ಚೌಕಟ್ಟನ್ನು ಕೂಡಿಸುವುದು ಅಂದಿನ ಮುದ್ರಕರ ರೂಢಿಯಾಗಿದ್ದಿತೆಂದು ಕಲೆಯ ಇತಿಹಾಸಕಾರರು ಹೇಳುವರು, ಅದು ಸತ್ಯ. ಆದರೆ ರೂಢಿಯನ್ನು ಆಯ್ದುಕೊಳ್ಳುವ ಮನಸ್ಸೊಂದಿರುತ್ತದಷ್ಟೆ. ಇಕ್ಕಟ್ಟಾದ ಕೇರಿಗೆ ಸೀಮಿತರಾದ ಜನ ಚರ್ಮಪತ್ರದಲ್ಲಿ ಅರಮನೆಗಳ ಬೀದಿಯನ್ನೇ ಕಟ್ಟಿದರೆಂದು ನಾನು ನಂಬುತ್ತೇನೆ.

ಈ ವಾಸ್ತುಪದ್ಧತಿಯನ್ನು ಪರಾಕಾಷ್ಠೆಗೆ ಒಯ್ದವನು ಶಾಲೋಮ್ ಇಟಾಲಿಯ. ಈತನು 1619ರ ಸುಮಾರಿನಲ್ಲಿ ಇಟಲಿಯ ಮಾಂತುವದಲ್ಲಿ ಹುಟ್ಟಿದನು. 1630ರಲ್ಲಿ ಆ ನಗರವನ್ನು ಪವಿತ್ರ ರೋಮನ್ ಚಕ್ರವರ್ತಿಯ ಸೈನ್ಯಗಳು ಮುತ್ತಿ ಸೂರೆಗೊಂಡು ಯೆಹೂದ್ಯರನ್ನು ಹೊರಗಟ್ಟಿದುವು. 1640ರ ದಶಕದಲ್ಲಿ ನಾವು ಈತನನ್ನು ಆಮ್‌ಸ್ಟರ್‌ಡಾಮಿನಲ್ಲಿ ಕಾಣುತ್ತೇವೆ. ಅಲ್ಲಿ 1642ರಲ್ಲಿ ಪ್ರಖ್ಯಾತ ವಿದ್ವಾಂಸನಾದ ಮೆನಾಸೆ ಬೆನ್ ಇಸ್ರಾಯೇಲನ ಭಾವಚಿತ್ರವನ್ನು ತಾಮ್ರಫಲಕದಲ್ಲಿ ಕೊರೆದವನು ಈತನೇ. ಈತನ ಸುರುಳಿಗಳಲ್ಲಿ ಪಠ್ಯವು ವಿಜಯತೋರಣಗಳ ದ್ವಾರದೊಳಗೆ ನಿಲ್ಲುತ್ತದೆ. ದ್ವಾರದ್ವಾರಗಳ ನಡುವೆ ಕಥೆಯ ಪಾತ್ರಗಳು ಆಳೆತ್ತರದ ಪ್ರತಿಮೆಗಳಂತೆ ನಿಂತಿರುತ್ತವೆ. ಅವರ ಕಾಲ ಕೆಳಗಿನ ಪೀಠಭಾಗದಲ್ಲಿ ಕಿರಿದಾದ ಕಥಾಚಿತ್ರಗಳು. ಓದುತ್ತ ಸುರುಳಿಯನ್ನು ಬಿಚ್ಚಿದಂತೆ ಒಂದು ತೋರಣವನ್ನು ದಾಟಿ ಇನ್ನೊಂದಕ್ಕೆ ಬರುವ ಅನುಭವವಾಗುತ್ತದೆ. ಓದು ಇಲ್ಲಿ ಒಂದು ಮೆರವಣಿಗೆ.

ಆಮ್‌ಸ್ಟರ್‌ಡಾಮಿನ ಗಿರಾಕಿಗಳು ಯಾರೆಂಬುದು ಇಲ್ಲಿ ಮುಖ್ಯ. ಅವರಲ್ಲಿ ಬಹುಮಂದಿ ಸ್ಪೇನ್ ಪೋರ್ಚುಗಲ್‌ಗಳಲ್ಲಿ ಬಲಾತ್ಕಾರದಿಂದ ಕ್ರೈಸ್ತರಾಗಿ, ತಲೆಮಾರುಗಳವರೆಗೆ ತಮ್ಮ ಕುಲಧರ್ಮವನ್ನು ಮನೆಯೊಳಗೆ ಮುಚ್ಚಿಟ್ಟುಕೊಂಡು, ಕೊನೆಗೆ ಹಾಲೆಂಡಿಗೆ ಬಂದು ಬಹಿರಂಗವಾಗಿ ಯೆಹೂದ್ಯರಾದ ಕುಟುಂಬಗಳವರು. ಅರಮನೆಯಲ್ಲಿ ಕುಲವನ್ನು ಮರೆಮಾಡಿ ಬಾಳಿ, ಒಂದು ದಿನ ಎದ್ದುನಿಂತು ‘ನಾನು ಇಂಥವರ ಮಗಳು’ ಎಂದು ಸಾರಿದ ರಾಣಿ ಅವರಿಗೆ ಪುರಾಣದ ಪಾತ್ರವಾಗಿರಲಿಲ್ಲ. ತಮ್ಮ ಅಜ್ಜಿಯರ ಬಾಳೇ ಆಗಿದ್ದಳು. ಗುಪ್ತವಾಗಿದ್ದಾಗ ಆ ಜನ ಎಸ್ತೇರಳನ್ನು ಸಂತಳೆಂದು ಕರೆದು ಆಕೆಯ ಹೆಸರಿನಲ್ಲಿ ಉಪವಾಸವನ್ನು ಆಚರಿಸುತ್ತಿದ್ದರು. ಶಾಲೋಮನ ತೋರಣದಡಿಯಲ್ಲಿ ನೇರವಾಗಿ ನಿಂತ ಎಸ್ತೇರಳನ್ನು ಕಂಡಾಗ ಅಂಥ ಮನೆಯ ಹಿರಿಯರಿಗೆ ಏನೆನ್ನಿಸಿರಬೇಕೆಂಬುದನ್ನು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ.

ಶಾಲೋಮನ ಅಂಚುಗಳಲ್ಲಿ ಕೆಲವು ಲೇಖನಿಯಿಂದ ಬರೆದುವು, ಬಹಳವು ತಾಮ್ರಫಲಕದಿಂದ ಅಚ್ಚೊತ್ತಿದುವು. ಪಠ್ಯವನ್ನು ಅಚ್ಚುಹಾಕಿದ ಸುರುಳಿಯಿಂದ ಪಠನದ ವಿಧಿ ಸಲ್ಲುವುದಿಲ್ಲ. ಆದರೆ ಅಂಚು ಪಠ್ಯವಲ್ಲ. ಆದುದರಿಂದ ಕೊರೆಯುವವನು ಚೌಕಟ್ಟನ್ನು ಮುದ್ರಿಸಿ ಒಳಗಣ ಜಾಗವನ್ನು ಖಾಲಿ ಬಿಡುವನು. ಅನಂತರ ಲಿಪಿಕಾರನು ಅಲ್ಲಿ ಕೈಯಿಂದ ಬರೆಯುವನು. ವೆನಿಸಿನಲ್ಲಿ 18ನೆಯ ಶತಮಾನದಲ್ಲಿ ಯೆಹೂದ್ಯನಲ್ಲದ ಫ್ರಾನ್ಚೆಸ್ಕೊ ಗ್ರಿಸೆಲೀನಿಯು ಕೊರೆದ ಅಂಚು ಬಹು ಜನಪ್ರಿಯವಾಯಿತು; ಅದರ ಮೇಲೆ ಕೈಯಿಂದ ಬಣ್ಣ ತುಂಬಿದ ಪ್ರತಿಗಳೂ ಉಂಟು. ಮುದ್ರಣಯಂತ್ರವು ಯುರೋಪಿನ ಲಿಪಿಕಾರರ ವೃತ್ತಿಯನ್ನು ನಾಶಮಾಡಿದ ಶತಮಾನಗಳಲ್ಲಿಯೇ ಯಂತ್ರವು ಲಿಪಿಕಾರನ ಕೈಗೆ ಚೌಕಟ್ಟಾಗಿ ನಿಂತ ಈ ದೃಶ್ಯವನ್ನು ಬೇರೆಲ್ಲಿಯೂ ಕಾಣುವುದು ದುರ್ಲಭ. ಅದನ್ನು ಸಾಧಿಸಿದುದು ಶಾಸ್ತ್ರದ ಆ ಒಂದು ಕಟ್ಟಳೆ.

ಹೀಗಿದ್ದರೂ ಕೊರೆದ ಅಂಚುಗಳಿಗಿಂತ ಕೈಬರೆಹದ ಅಂಚುಗಳನ್ನು ನಾನು ಮೇಲೆಂದು ಎಣಿಸುತ್ತೇನೆ. ಕೊರೆದುದರಲ್ಲಿ ಚೌಕಟ್ಟು ಮೊದಲು, ಪಠ್ಯ ಆಮೇಲೆ. ಅಕ್ಷರಗಳು ಅಳತೆಗೆ ಹೊಂದಿಕೊಳ್ಳಬೇಕಾಗುತ್ತದೆ, ಕಥೆಯ ಸನ್ನಿವೇಶವೂ ಅದರ ಚಿತ್ರವೂ ಎಷ್ಟೋ ಕಡೆ ಒಂದನ್ನೊಂದು ಸಂಧಿಸದೆಯೇ ಹೋಗುತ್ತವೆ. ಪೋಲೆಂಡಿನ ಗೋರಾಯ್ ಎಂಬ ಊರಿನಿಂದ ಬಂದು 18ನೆಯ ಶತಮಾನದ ನಡುಭಾಗದಲ್ಲಿ ವೆನಿಸಿನಲ್ಲಿ ದುಡಿದ ದಾನಿಯೇಲನ ಮಗ ಆರ್ಯೆ ಲೇಬನ ಸುರುಳಿಗಳನ್ನು ನೋಡಿರಿ. ಕಂದುಮಸಿಯ ಲೇಖನಿಯೊಂದರಿಂದಲೇ ತಾಮ್ರದ ಕೊರೆತವನ್ನು ಸರಿಗಟ್ಟುವ ಸೂಕ್ಷ್ಮತೆಯನ್ನು ಸಾಧಿಸಿದ ಈತನು ಪಠ್ಯವನ್ನೂ ಚಿತ್ರವನ್ನೂ ತಾನೇ ಬರೆಯುತ್ತಿದ್ದನಾದುದರಿಂದ ಎರಡಕ್ಕೂ ಒಂದೇ ಉಸಿರು.

ಜರ್ಮನ್ ನಾಡುಗಳ ಸುರುಳಿಗಳ ರೀತಿ ಮತ್ತೊಂದು. ಅಲ್ಲಿ ಗಾಂಭೀರ್ಯ ಕಡಮೆ, ಬಣ್ಣ ಹೆಚ್ಚು, ವಿನೋದ ಇನ್ನೂ ಹೆಚ್ಚು. ಸಿಂಹ, ಜಿಂಕೆ, ನವಿಲುಗಳು ಹೂಬಳ್ಳಿಗಳ ನಡುವೆ ನಲಿದಾಡುತ್ತವೆ. ಪಾರಸಿಕ ದೊರೆಯೂ ಆತನ ಸಭಾಸದರೂ ಅಂದಂದಿನ ಯುರೋಪಿಯನ್ ಉಡುಪನ್ನು ತೊಟ್ಟು, ಕೆಲವೆಡೆ ತುರ್ಕಿ ಸುಲ್ತಾನನ ರುಮಾಲನ್ನು ಸುತ್ತಿ, ಮೇಜಿನ ಸುತ್ತ ಕುಳಿತಿರುತ್ತಾರೆ. ಬೈಬಲಿನಲ್ಲಿಲ್ಲದ, ತಾಲ್ಮುಡಿನ ಉಪಕಥೆಯಿಂದ ಬಂದ ಒಂದು ಸನ್ನಿವೇಶವು ಚಿತ್ರಕಾರರಿಗೆ ಅತಿ ಪ್ರಿಯ: ರಾಜಾಜ್ಞೆಯಂತೆ ಮೊರ್ದೆಕೈಯನ್ನು ಕುದುರೆಯ ಮೇಲೆ ಕೂರಿಸಿ ಹಾಮಾನನು ಮುಂದೆ ಲಗಾಮು ಹಿಡಿದು ನಡೆಯುತ್ತಿರುವಾಗ, ಮಾಳಿಗೆಯ ಮೇಲಿಂದ ನೋಡಿದ ಅವನ ಮಗಳು ಕುದುರೆಯ ಮೇಲಿರುವವನೇ ತನ್ನ ತಂದೆಯೆಂದು ಭ್ರಮಿಸಿ, ನಡೆಯುತ್ತಿರುವವನ ತಲೆಯ ಮೇಲೆ ಕೊಳಕಿನ ಕೊಡವನ್ನು ಸುರಿಯುತ್ತಾಳೆ. ತಲೆಯೆತ್ತಿದವನ ಮುಖವನ್ನು ಕಂಡು ಅವಳು ಮಾಳಿಗೆಯಿಂದ ಕೆಳಕ್ಕೆ ಬಿದ್ದು ಸಾಯುತ್ತಾಳೆಂದು ಉಪಕಥೆ ಮುಂದುವರಿಯುತ್ತದೆ. ಹಾಸ್ಯವನ್ನೂ ದುರಂತವನ್ನೂ ಬೇರ್ಪಡಿಸದೆ ಕಾಣುವ ಜಾನಪದ ಮನಸ್ಸಿನ ಬಲ ಇಲ್ಲಿ ಸ್ಪಷ್ಟವಾಗುತ್ತದೆ.

ಚಿತ್ರಕಾರನು ಎಷ್ಟೇ ಸ್ವೈರವಾಗಿ ವಿಹರಿಸಲಿ, ಒಂದು ಸ್ತಂಭದಲ್ಲಿ ಮಾತ್ರ ಲಿಪಿಯೇ ಚಿತ್ರವಾಗುತ್ತದೆ. ಒಂಬತ್ತನೆಯ ಅಧ್ಯಾಯದಲ್ಲಿ ಹತರಾದ ಹಾಮಾನನ ಹತ್ತು ಮಂದಿ ಮಕ್ಕಳ ಹೆಸರುಗಳನ್ನು ಬಲದಂಚಿಗೊಂದು ಎಡದಂಚಿಗೊಂದು ಎರಡು ಸಾಲುಗಂಬಗಳಾಗಿ, ಸ್ಥೂಲವಾದ ಅಕ್ಷರಗಳಲ್ಲಿ ಬರೆಯಬೇಕೆಂದು ವಿಧಿ: ಒಂದು ಕಡೆ ಹೆಸರು, ಇನ್ನೊಂದು ಕಡೆ ಅದೇ ಸಂಬಂಧಪದದ ಆವೃತ್ತಿ, ನಡುವೆ ಬರಿದಾದ ಚರ್ಮ. ಇಟ್ಟಿಗೆಯ ಮೇಲೆ ಇಟ್ಟಿಗೆಯೇ ಬಂದು, ಒಂದನ್ನೊಂದು ಬೆಸೆಯುವ ಕಟ್ಟು ಇಲ್ಲದಿದ್ದರೆ ಗೋಡೆ ನಿಲ್ಲದು. ದುಷ್ಟರ ಪತನಕ್ಕೆ ಪುನರುತ್ಥಾನವಿಲ್ಲವೆಂಬುದನ್ನು ಈ ರಚನೆ ಸೂಚಿಸುತ್ತದೆಂದು ಪ್ರಾಚೀನರು ವಿವರಿಸಿದರು. ಕೊನೆಯ ಮಗನ ಹೆಸರಿನ ‘ವಾವ್’ ಎಂಬ ಅಕ್ಷರವನ್ನು ಗಲ್ಲುಗಂಬದಂತೆ ನೀಳವಾಗಿ ಎಳೆಯುತ್ತಾರೆ. ಪಾಠಕನು ಹತ್ತು ಹೆಸರುಗಳನ್ನೂ ಒಂದೇ ಉಸಿರಿನಲ್ಲಿ ಓದಿ ಮುಗಿಸಬೇಕು. ಅಲಂಕಾರಪ್ರಿಯರಾದ ಲಿಪಿಕಾರರು ಇನ್ನೊಂದು ಚಮತ್ಕಾರವನ್ನೂ ರೂಢಿಗೆ ತಂದರು: ಹೆಚ್ಚಿನ ಸ್ತಂಭಗಳೆಲ್ಲ ‘ಅರಸ’ನೆಂಬರ್ಥದ ಪದದಿಂದಲೇ ಆರಂಭವಾಗುವಂತೆ ಪಂಕ್ತಿಗಳನ್ನು ಹಿಗ್ಗಿಸಿ ಕುಗ್ಗಿಸಿ ಬರೆಯುವುದು. ದೇವರ ಹೆಸರಿಲ್ಲದ ಕಥೆಯಲ್ಲಿ ಆ ಪದವೇ ಅರಸರ ಅರಸನನ್ನು ಧ್ವನಿಸುತ್ತದೆಂದು ಭಾವುಕರ ವ್ಯಾಖ್ಯಾನ. ಲೌಕಿಕ ಕಥೆಯ ಅಂಚಿನಲ್ಲಿ ಇಷ್ಟೊಂದು ಉತ್ಸವವನ್ನು ನಡೆಸಿದವರಿಗೆ, ಅದರ ಒಡಲಲ್ಲಿ ಮರೆಯಾಗಿರುವವನ ನೆನಪು ತಪ್ಪಿರಲಿಲ್ಲ.

ಸುರುಳಿಯ ಆದಿಭಾಗದಲ್ಲಿ ಪಠನಕ್ಕೆ ಮುನ್ನ ಹೇಳುವ ಮಂಗಳವಾಕ್ಯಗಳನ್ನು ಬರೆಯುವುದು ವಾಡಿಕೆಯಾದಾಗ, ಮೂಲಪಠ್ಯಕ್ಕೆ ಹೊರತಾದುದನ್ನು ಸೇರಿಸಿದ ಇಂತಹ ಸುರುಳಿ ಶುದ್ಧವೇ ಎಂಬ ಶಂಕೆ ಬಂದಿತು. 16ನೆಯ ಶತಮಾನದ ಮಹಾಸ್ಮೃತಿಕಾರನಾದ ಯೋಸೇಫ್ ಕಾರೋ ಮೊದಲ ಹಾಳೆಯಲ್ಲಿ ಆಶೀರ್ವಚನಗಳೂ ಸ್ತೋತ್ರಗಳೂ ಇದ್ದ ಮಾತ್ರಕ್ಕೆ ಸುರುಳಿಯನ್ನು ತಿರಸ್ಕರಿಸಬೇಕಾಗಿಲ್ಲವೆಂದು ನಿರ್ಣಯವಿತ್ತನು. ಶಾಸ್ತ್ರವು ಆಜ್ಞಾಪಿಸಿ ಕಲೆಯನ್ನು ಕರೆಯಲಿಲ್ಲ, ‘ಬಾಧಕವಿಲ್ಲ’ ಎಂದಿತು. ಕಲೆಗೆ ಅಷ್ಟು ಸಾಕಾಯಿತು.  

ಇಂದು ಈ ಸುರುಳಿಗಳು ಬಹುಮಟ್ಟಿಗೆ ವಸ್ತುಸಂಗ್ರಹಾಲಯಗಳಲ್ಲಿವೆ. ಗಾಜಿನಡಿಯಲ್ಲಿ ಎರಡು ಮೂರು ಸ್ತಂಭಗಳನ್ನು ಬಿಚ್ಚಿಟ್ಟಿರುತ್ತಾರೆ. ಉಳಿದುದು ಸುತ್ತಿಕೊಂಡೇ ಇರುತ್ತದೆ. ಪಠನದ ಸಮಯದಲ್ಲಾದರೋ ಪಾಠಕನು ಸುರುಳಿಯನ್ನೆಲ್ಲ ಬಿಚ್ಚಿ, ದೂರದಿಂದ ಬಂದ ಪತ್ರವನ್ನು ಮಡಿಸುವಂತೆ ಮಡಿಕೆಮಡಿಕೆಯಾಗಿ ಮಡಿಸಿಟ್ಟುಕೊಂಡು ಓದುತ್ತಾನೆ. ಎಲ್ಲ ಸ್ತಂಭಗಳನ್ನೂ ಅನುಕ್ರಮವಾಗಿ ನೋಡದವರಿಗೆ ಈ ಕಲೆಯ ನಡೆ ತಿಳಿಯದು. ಈ ಕಾರಣದಿಂದ, ಜರ್ಮನಿಯ ಹಾನೋವರ್ ನಗರದ ಲೈಬ್ನಿಟ್ಸ್ ಗ್ರಂಥಾಲಯದಲ್ಲಿರುವ, ಹಿಲ್ಡೆಸ್‌ಹೈಮಿನ ವೋಲ್ಫ್ ಲೇಬ್ ಕಾಟ್ಸ್ ಪೊಪ್ಪರ್ಸನು 1746ರಲ್ಲಿ ರಚಿಸಿದ, ಆರು ಮೀಟರಿಗೂ ಮಿಕ್ಕಿ ಉದ್ದವಿರುವ ಸುರುಳಿಯ ಪೂರ್ಣಪ್ರತಿರೂಪವನ್ನು ವರ್ಣಗಳಲ್ಲಿ ಮುದ್ರಿಸಿ ಪ್ರಕಟಿಸಿರುವುದು ಮಹೋಪಕಾರ. ಆ ಸುರುಳಿಯ ಪಠ್ಯ ಜರ್ಮನ್ ಭಾಷೆಯಲ್ಲಿದೆ. ಹೀಬ್ರೂ ಅರಿಯದವರೂ ಚಿತ್ರವನ್ನು ಕಥೆಯೊಡನೆ ಹೊಂದಿಸಿ ನೋಡಬಲ್ಲರು. ನಮ್ಮ ವಿಶ್ವವಿದ್ಯಾನಿಲಯಗಳ ಹಸ್ತಪ್ರತಿ ವಿಭಾಗಗಳು ಅದರ ಒಂದೊಂದು ಪ್ರತಿಯನ್ನು ತರಿಸಿ, ವಿದ್ಯಾರ್ಥಿಗಳ ಮುಂದೆ ಮೊದಲಿಂದ ಕೊನೆಯವರೆಗೆ ಬಿಚ್ಚಿಡುವ ಏರ್ಪಾಟನ್ನು ಮಾಡಬೇಕೆಂದು ಈ ವೇದಿಕೆಯಿಂದ ಪ್ರಾರ್ಥಿಸುತ್ತೇನೆ.